ಕಿಟಕಿಯ ಮೇಲಿನ ಸಂದು

ಹೊಸ ಮನೆಗಳ ಸಾಲು, ಕೆಲಸದ ಶೆಡ್ಡಿನಿಂದ
ತಾರೀಖು ಹನ್ನೊಂದು, ಬುಧವಾರ

ಪ್ರೀತಿಯ ಮಗಳೇ,

ಗೋಡೆಯ ಮುಖ ನೋಡಿ ಅದರ ಬೆನ್ನಿನ ಗುಟ್ಟು ಹೇಳಬಲ್ಲವನು ಈ ಭೂಮಂಡಲದಲ್ಲಿ ನಿನ್ನ ಚಿಕ್ಕಪ್ಪನೊಬ್ಬನೇ. ದೊಡ್ಡ ದೊಡ್ಡ ಎಂಜಿನಿಯರುಗಳು ನನ್ನನ್ನು ಕೇಳದೆ ಒಂದು ಮೊಳೆಯನ್ನೂ ಹೊಡೆಯುವುದಿಲ್ಲ. ಅದಿರಲಿ, ನಿನ್ನ ಹಲ್ಲುನೋವು ಹೇಗಿದೆ? ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸು. ಇಲ್ಲಿ ಎಲ್ಲರೂ ಕ್ಷೇಮ, ನಿಮ್ಮಮ್ಮ ನನ್ನೊಡನೆ ಮಾತು ಬಿಟ್ಟಿದ್ದಾರೆ ಅನ್ನುವುದೊಂದನ್ನು ಬಿಟ್ಟರೆ. ತಟ್ಟೆಯನ್ನು ನನ್ನ ಮುಂದೆ ಕುಕ್ಕಿ ಹೋಗುತ್ತಾರೆ. ಅತ್ತಿಗೆಯ ಅಡುಗೆ ಕೋಪದಲ್ಲೂ ರುಚಿ, ಏನು ಮಾಡಲಿ, ಎರಡು ಸಲ ಬಡಿಸಿಕೊಳ್ಳುತ್ತೇನೆ.

ಚಿಕ್ಕಪ್ಪನಿಗೆ ಸಹಿ ಹಾಕಲು ಬುದ್ಧಿ ಹೇಳು ಎಂದು ನಿಮ್ಮಪ್ಪ ನಿನಗೆ ಫೋನು ಮಾಡಿರಬೇಕು. ಹಾಕುವುದಿಲ್ಲ. ಈ ಸಾಲಿನ ಹೊರಗೋಡೆಗಳನ್ನು ತಪಾಸಣೆ ಮಾಡಿ ಪಾಸು ಮಾಡುವವನು ನಾನು; ನೀನು ದುಡಿದು ಮುಂಗಡ ಕೊಟ್ಟ ಮನೆಯೆಂದೇ ಹಾಕುವುದಿಲ್ಲ. ಗೋಡೆಗೆ ಸಿಮೆಂಟ್ ಹಲಗೆ ಹೊದಿಸುವಾಗ ಕಿಟಕಿಯ ತಲೆಯ ಮೇಲೆ ಪೆನ್ಸಿಲ್ ತೂರುವಷ್ಟು ಸಂದು ಬಿಡಬೇಕು. ಒಳಗೆ ಸೇರಿದ ನೀರು ಹೊರಹೋಗಲು ಅದೇ ಬಾಗಿಲು. ಕಂಟ್ರಾಕ್ಟರು ಅಲ್ಲೆಲ್ಲ ಅಂಟು ತುಂಬಿ ನುಣ್ಣಗೆ ಬಣ್ಣ ಹೊಡೆಸಿದ್ದಾನೆ. ನಿಮ್ಮಮ್ಮನಿಗೆ ಅದೇ ಚೆಂದ ಕಂಡಿತು. ನೀರು ಒಳಗೇ ಕೂತು ಮರದ ಚೌಕಟ್ಟನ್ನು ತಿನ್ನುತ್ತದೆ ಎಂದೆ. "ನೀರೂ ಇಲ್ಲ, ಮಣ್ಣೂ ಇಲ್ಲ. ಬೇಕಾದ್ರೆ ಬಿಚ್ಚಿ ನೋಡಿ, ಒಣಗಿದ್ರೆ ಖರ್ಚು ನಿಮ್ದು" ಎಂದ ಕಂಟ್ರಾಕ್ಟರು. ಕೂಲಿಯವರೆಲ್ಲ ನೋಡುತ್ತಿದ್ದರು, ನಾನು ಸುಮ್ಮನಿರುವ ಗಿರಾಕಿಯೇ? ಮೊದಲ ಹಲಗೆಯಲ್ಲೇ ತೋರಿಸುತ್ತೇನೆ ಎಂದು ಮೀಸೆ ತಿರುವಿದೆ.

ಮೊದಲ ಹಲಗೆಯ ಹಿಂದೆ ಮರ ಸೌದೆಯಂತೆ ಒಣಗಿ ನನ್ನನ್ನು ಅಣಕಿಸುತ್ತಿತ್ತು. ಎರಡನೆಯದೂ ಅಷ್ಟೆ. ಮೇಸ್ತ್ರಿ ಕೆಮ್ಮುವ ನೆಪದಲ್ಲಿ ನಕ್ಕ. ಅಣ್ಣ ಎಲ್ಲರೆದುರು ನನ್ನ ತೋಳು ಹಿಡಿದು, "ಸಾಕು ಕಣೋ, ಬಾಡಿಗೆ ಮನೇಲಿ ಪಾತ್ರೆ ಕಟ್ಟಿಟ್ಕೊಂಡು ಕೂತಿದೀವಿ" ಎಂದ. ನಾನು ಅಡುಗೆಮನೆಯ ಕಿಟಕಿಗೆ ಏಣಿ ಇಟ್ಟೆ. ಅಲ್ಲಿ ಹಲಗೆ ಕಳಚಿ ಹೆಬ್ಬೆರಳು ಒತ್ತಿದರೆ ಮರ ನೆನೆದ ರಟ್ಟಿನಂತೆ ಒಳಗೆ ಹೋಯಿತು. ಅಣ್ಣನೂ ಒತ್ತಿ ನೋಡಿ ಕೈ ಒರೆಸಿಕೊಂಡ.

ಈಗ ಕಂಟ್ರಾಕ್ಟರು ಆ ಒಂದು ಕಿಟಕಿ ಮಾತ್ರ ಸರಿಮಾಡಿಕೊಡುತ್ತಾನಂತೆ, ಉಳಿದದ್ದಕ್ಕೆ ನಾನು ಕಣ್ಣು ಮುಚ್ಚಬೇಕಂತೆ. ಇಲ್ಲದಿದ್ದರೆ ಮನೆಯನ್ನು ಬೇರೆಯವರಿಗೆ ಕೊಡುತ್ತಾನಂತೆ. ನಿಮ್ಮಪ್ಪ ಹೆದರಿ ಒಪ್ಪಿದ. ಯಾರಿಗೆ ಬೇಕಾದರೂ ಕೊಡಲಿ, ಅದಕ್ಕೂ ನನ್ನ ಸಹಿಯೇ ಬೇಕು. ಎಲ್ಲಿಗೆ ಹೋಗುತ್ತಾನೆ? ಎಲ್ಲ ಕಿಟಕಿಗಳ ಅಂಟು ಕೆರೆದು, ಸಂದು ಬಿಟ್ಟ ಮೇಲೆಯೇ ನನ್ನ ಪೆನ್ನು ಜೇಬಿನಿಂದ ಹೊರಬರುವುದು.

ನೂರು ವರ್ಷ ಬಾಳು ಮಗಳೇ. ಗೋಡೆಯೂ ಅಷ್ಟು ಬಾಳುವಂತೆ ನಾನು ನೋಡಿಕೊಳ್ಳುತ್ತೇನೆ.

ಯಾರಿಗೂ ಬಗ್ಗದ,
ನಿನ್ನ ಚಿಕ್ಕಪ್ಪ

ತಾ.ಕ.: ಬಸ್ಸು ಬಂತು, ಚುಟುಕಾಗಿ ಬರೆಯುತ್ತೇನೆ. ಆ ಎರಡು ಒಣ ಹಲಗೆಗಳ ಖರ್ಚನ್ನು ನೀನು ಪರದೆಗೆಂದು ಕಳಿಸಿದ್ದ ದುಡ್ಡಿನಿಂದ ಕೊಟ್ಟೆ. ಎರಡನೆಯದಕ್ಕೆ ಪಣ ಇಮ್ಮಡಿ ಮಾಡಿದವನೂ ನಾನೇ. ನಿಮ್ಮಮ್ಮನಿಗೆ ಮುನ್ನೂರು ಎಂದಿದ್ದೇನೆ. ಹೋದದ್ದು ಹದಿನೆಂಟು ಸಾವಿರ.