ಕಿರಿಯಾಬಾ ಓದಿ ಹೇಳಬೇಕಾದ ಕಾಗದ

ಕಾಠ್ಮಂಡು
ಚೈತ್ರ ೧೪, ೨೦೫೧

ಪ್ರೀತಿಯ ಆಮಾಗೆ, ಹಿರಿಯಾಬಾಗೆ, ಮತ್ತು ಇದನ್ನು ಒಲೆಯ ಪಕ್ಕ ಕೂತು ನಿಮ್ಮಿಬ್ಬರಿಗೂ ಓದಿ ಹೇಳುತ್ತಿರುವ ಕಿರಿಯಾಬಾಗೆ ಯಾಂಗ್‌ಜೋಮ್ ಮಾಡುವ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ಆಮಾ, ನೀನು ಕಳಿಸಿದ ಛುರ್ಪಿ ಮುಗಿಯುತ್ತಾ ಬಂತು. ನನ್ನ ರೂಮಿನ ಮಂದಿರಾ ಆ ಒಣ ಚೀಸನ್ನು ಕಲ್ಲು ಕಲ್ಲು ಅಂತ ಬೈಯುತ್ತಲೇ ದಿನವಿಡೀ ಬಾಯಲ್ಲಿಟ್ಟುಕೊಂಡು ಚೀಪುತ್ತಾಳೆ. ಜ್ಯೇಷ್ಠದಲ್ಲಿ ರಜೆ. ಸಿಮಿಕೋಟ್ ವಿಮಾನಕ್ಕೆ ಟಿಕೆಟ್ ಸಿಕ್ಕರೆ ಬರುತ್ತೇನೆ.

ಇಷ್ಟು ಬರೆದು ಎರಡು ದಿನ ಸುಮ್ಮನೆ ಇಟ್ಟಿದ್ದೆ.

ಮಾಘದಲ್ಲಿ ಕಿರಿಯಾಬಾ ಕುರಿಗಳನ್ನು ಕೆಳಗೆ ಬಿಟ್ಟು, ಬಸ್ಸು ಹತ್ತಿ ಇಲ್ಲಿಯವರೆಗೆ ಬಂದಿದ್ದರಲ್ಲ. ನಿಮಗೆ ಏನು ಹೇಳಿದ್ದಾರೋ ಗೊತ್ತಿಲ್ಲ. ಮಗಳು ಗುಂಡುಗುಂಡಗಾಗಿದ್ದಾಳೆ, ಹೊಟ್ಟೆ ತುಂಬ ಊಟ ಹಾಕಿದಳು ಅಂದಿರಬೇಕು. ಹಾಕಲಿಲ್ಲ ಆಮಾ. ಒಂದು ಲೋಟ ನೀರೂ ಕೊಡಲಿಲ್ಲ.

ಅದರ ಹಿಂದಿನ ದಿನ ಭೂಗೋಳದ ಕ್ಲಾಸಿನಲ್ಲಿ ಅಧಿಕಾರಿ ಅಂತ ಹೆಸರಿನ ಸರ್ ನಮ್ಮ ಹುಮ್ಲಾ ಜಿಲ್ಲೆಯನ್ನು ಬೋರ್ಡಿನ ಮೇಲೆ ಬಿಡಿಸಿದರು. ಆಲೂಗಡ್ಡೆಯ ಹಾಗೆ ಬಂತು. ಇಷ್ಟು ದೊಡ್ಡ ಜಿಲ್ಲೆ, ಜನ ಮಾತ್ರ ಒಂದು ಪೇಟೆಯಲ್ಲಿ ಹಿಡಿಸುವಷ್ಟು, ಯಾಕೆ ಅಂತ ಕೇಳಿದರು. ಹಿಮ ಅಂದರು ಕೆಲವರು, ರಸ್ತೆಯಿಲ್ಲ ಅಂದರು ಕೆಲವರು. ಸರ್ ಅದಕ್ಕೆ, ಅದೂ ಸರಿ, ಆದರೆ ಮೇಲಿನ ಕೆಲವು ಹಳ್ಳಿಗಳಲ್ಲಿ ಅಣ್ಣತಮ್ಮಂದಿರಿಗೆಲ್ಲ ಒಬ್ಬಳೇ ಹೆಂಡತಿ, ಹೊಲ ಪಾಲಾಗುವುದಿಲ್ಲ, ಒಲೆ ಎರಡಾಗುವುದಿಲ್ಲ, ಜನಸಂಖ್ಯೆಯೂ ಭೂಮಿಯ ಅಳತೆ ಮೀರುವುದಿಲ್ಲ ಅಂದರು. ಅವರು ನಗಲಿಲ್ಲ. ಕ್ಲಾಸು ನಕ್ಕಿತು. ಹಿಂದಿನ ಬೆಂಚಿನವನೊಬ್ಬ, ‘ಮನೆಮನೆಗೂ ದ್ರೌಪದೀನಾ ಸಾರ್? ಮಗು ಅಪ್ಪಾ ಅಂತ ಕೂಗಿದ್ರೆ ಎಷ್ಟು ಜನ ಓಡಿ ಬರ್ತಾರೆ?’ ಅಂದ.

ಇಲ್ಲಿ ಹುಮ್ಲಾದವರು ಯಾರಾದರೂ ಇದ್ದೀರಾ ಅಂತ ಸರ್ ಕೇಳಿದರು. ನಾನು ಪೆನ್ನಿನ ಮುಚ್ಚಳ ಕಚ್ಚಿಕೊಂಡು ಕೂತೆ. ಕಾಲೇಜು ಸೇರಿದ ದಿನವೇ ನನ್ನೂರು ನೇಪಾಲ್‌ಗಂಜ್ ಅಂದುಬಿಟ್ಟಿದ್ದೆ. ಇಷ್ಟು ವರ್ಷ ಹಾಸ್ಟೆಲಿನಲ್ಲಿ ಇದ್ದದ್ದು ಅಲ್ಲೇ ತಾನೆ, ಪೂರ್ತಿ ಸುಳ್ಳಲ್ಲ ಅಂತ ನನಗೆ ನಾನೇ ಹೇಳಿಕೊಂಡಿದ್ದೆ.

ಮಾರನೆಯ ದಿನ ಹಾಸ್ಟೆಲಿನ ಗೇಟಿನ ಹತ್ತಿರ ಕಿರಿಯಾಬಾ, ನನ್ನ ಕಿರಿಯ ಅಪ್ಪ. ಬೆನ್ನ ಮೇಲೆ ಡೋಕೋ ಬುಟ್ಟಿ, ಹಣೆಗೆ ಅದರ ಪಟ್ಟಿ, ಮೈಯೆಲ್ಲ ಕುರಿ ವಾಸನೆ. ಪಕ್ಕದಲ್ಲಿದ್ದ ಮಂದಿರಾ, ‘ಯಾರೇ ಇವ್ರು?’ ಅಂದಳು. ನನ್ನ ಬಾಯಿ ನನಗಿಂತ ಮುಂಚೆ ಮಾತಾಡಿತು. ಹೊರೆಯಾಳು ಅಂದೆ. ಮನೆಯಿಂದ ಸಾಮಾನು ಕಳಿಸಿದ್ದಾರೆ ಅಂದೆ.

ಅವರಿಗೆ ಅರ್ಥವಾಯಿತು. ಒಂದೇ ಒಂದು ಸಲ ನನ್ನ ಮುಖ ನೋಡಿದರು. ಆಮೇಲೆ ತಲೆ ತಗ್ಗಿಸಿ, ನಿಜವಾದ ಹೊರೆಯಾಳಿನ ದನಿಯಲ್ಲಿ, ‘ಎಲ್ಲಿ ಇಳಿಸ್ಲಿ, ಮೇಡಂ?’ ಅಂದರು. ನಾನು ಮೆಟ್ಟಿಲು ತೋರಿಸಿದೆ. ತೋರಿಸಿದೆ, ಆಮಾ. ಇಳಿಸಿ, ಕೈ ಮುಗಿದು ಹೋದರು. ಹೋಗುವಾಗ, ಮಂದಿರಾಗೆ ತಿಳಿಯದ ಹಾಗೆ, ನಮ್ಮ ಮಾತಿನಲ್ಲಿ ಮೆತ್ತಗೆ, ‘ಮೇಲೆ ಇರೋದು ಛುರ್ಪಿ, ಅಡಿಯಲ್ಲಿ ಕಂಬಳಿ ಇದೆ, ಚಳಿಗೆ ಹೊದ್ಕೋ ಮಗಾ’ ಅಂದರು. ನಿಮ್ಮ ಹೊರೆಯಾಳು ಎಷ್ಟು ಒಳ್ಳೆಯವನು ಅಂತ ಮಂದಿರಾ ಈಗಲೂ ಹೇಳುತ್ತಿರುತ್ತಾಳೆ. ಅವಳಿಗಿನ್ನೂ ನಿಜ ಹೇಳಿಲ್ಲ. ದಿನಾ ಬೆಳಿಗ್ಗೆ ಇವತ್ತು ಹೇಳುತ್ತೇನೆ ಅಂದುಕೊಳ್ಳುತ್ತೇನೆ.

ಇಲ್ಲಿ ಕಾಲು ತುಳಿದರೂ ಸಾರಿ ಅನ್ನುತ್ತಾರೆ. ಅಷ್ಟು ಅಗ್ಗದ ಆ ಮಾತನ್ನು ಈ ಕಾಗದದಲ್ಲಿ ಬರೆಯುವುದಕ್ಕೆ ಕೈ ಬರುತ್ತಿಲ್ಲ. ಒಬ್ಬ ಅಪ್ಪ ಹೊಲದಲ್ಲಿ, ಒಬ್ಬ ಅಪ್ಪ ಉಪ್ಪು ಹೊತ್ತ ಕುರಿಗಳ ಜೊತೆ ದಾರಿಯಲ್ಲಿ. ಹಾಗಿದ್ದಕ್ಕೇ ತಾನೆ ನಮ್ಮ ಮನೆ ಹೆಣ್ಣುಮಗುವನ್ನು ಇಂಗ್ಲಿಷ್ ಹಾಸ್ಟೆಲಿಗೆ ಹಾಕಲು ಆದದ್ದು? ಆ ಇಂಗ್ಲಿಷ್ ಕಲಿತೇ ನಾನು ನಾಚಿಕೊಂಡೆ. ಮತ್ತೆ, ಎಷ್ಟು ಜನ ಓಡಿ ಬರ್ತಾರೆ ಅಂದನಲ್ಲ ಅವನು. ನಾನು ಹಳ್ಳಕ್ಕೆ ಬಿದ್ದಾಗ ಇಬ್ಬರು ಓಡಿ ಬಂದಿದ್ದರು. ಹಿರಿಯಾಬಾ ನೊಗ ಬಿಟ್ಟು, ಕಿರಿಯಾಬಾ ಮಂದೆ ಬಿಟ್ಟು. ಕುರಿಗಳು ಹುರುಳಿ ಗೋಧಿ ಹೊಲಕ್ಕೆಲ್ಲ ನುಗ್ಗಿದವು ಅಂತ, ಆಮಾ, ನೀನು ನಮ್ಮ ಮೂವರಿಗೂ ಒಟ್ಟಿಗೆ ಬೈದಿದ್ದೆ. ಕ್ಲಾಸಿನಲ್ಲಿ ಎದ್ದು ಇದನ್ನೇ ಹೇಳಬೇಕಿತ್ತು.

ಪ್ರತಿ ರಜೆಗೂ ವಿಮಾನ ಇಳಿಯುವ ಬಯಲಿಗೆ ಕಿರಿಯಾಬಾ ಬಂದು ನನ್ನ ಟ್ರಂಕನ್ನು ಬೆನ್ನಿಗೇರಿಸಿಕೊಳ್ಳುತ್ತಿದ್ದರು. ಈ ಸಲ ಬರುತ್ತಾರೋ ಇಲ್ಲವೋ. ಬರದಿದ್ದರೆ ಅದು ನ್ಯಾಯವೇ. ಬಂದರೆ ಬರಿಗೈಲಿ ಬರಲಿ, ಹಗ್ಗ ತರುವುದು ಬೇಡ. ಊರಿನ ತನಕ ಟ್ರಂಕು ನಾನೇ ಹೊರುತ್ತೇನೆ. ಅಲ್ಲಿ ಯಾರು ಕೇಳಿದರೂ, ಕೇಳದಿದ್ದರೂ, ಅವರು ನನ್ನ ಯಾರು ಅಂತ ಹೇಳುತ್ತೇನೆ.

ನಿಮ್ಮ ಮೂವರ ಮಗಳು,
ಯಾಂಗ್‌ಜೋಮ್

ತಾ.ಕ. ಹಿರಿಯಾಬಾ, ಇಷ್ಟನ್ನು ಮಾತ್ರ ನೀವು ಕಲಿಸಿದ ಮಂತ್ರಪುಸ್ತಕದ ಟಿಬೆಟನ್ ಅಕ್ಷರದಲ್ಲಿ ಬರೆದಿದ್ದೇನೆ, ತಪ್ಪಿದ್ದರೆ ಬೈಯಬೇಡಿ. ಮೇಲಿನ ನೇಪಾಳಿ ಓದಲು ಬರುವುದು ಕಿರಿಯಾಬಾಗೆ ಮಾತ್ರ, ಆದರೆ ಈ ಅಕ್ಷರ ಅವರಿಗೆ ಬರುವುದಿಲ್ಲ. ಸೋದರತ್ತೆಗೆ ಕಾಯಿಲೆ ಅಂತ ಕಾಗದ ಬಂದಾಗ ಅವರು ‘ಎಲ್ಲ ಕ್ಷೇಮ’ ಅಂತ ಓದಿದ್ದನ್ನು ನಾನು ಬೆನ್ನ ಹಿಂದೆ ನಿಂತು ನೋಡಿದ್ದೆ. ಈಗ ಅವರು ಓದಿದ್ದರಲ್ಲಿ ಹಾಸ್ಟೆಲಿನ ಗೇಟು ಬಂತೇ? ಬರಲಿಲ್ಲವಾದರೆ, ಅವರು ನನ್ನ ಮಾನ ಉಳಿಸುತ್ತಿದ್ದಾರೆ. ಬಿಡಬೇಡಿ, ಮೊದಲಿನಿಂದ ಓದಿಸಿ. ನಡುವೆ ದನಿ ನಿಂತರೆ ಅವಸರ ಮಾಡಬೇಡಿ.