ಸಿಗರೇಟು ಬಿಟ್ಟ ಮೊದಲ ದಿನ

೧೦ ಫೆಬ್ರವರಿ, ಮಂಗಳವಾರ

ಮೀನಿನ ಕಾರ್ಖಾನೆಯಲ್ಲಿ ನಾವು ಮೂವರು ಗೆಳತಿಯರೂ ಇವತ್ತಿನಿಂದ ಸಿಗರೇಟು ಬಿಟ್ಟೆವು. ಉಸಿರೆಳೆದರೆ ನನ್ನ ಎದೆ ಸಿಳ್ಳೆ ಹಾಕುತ್ತೆ ಅಂತಲೇ ಡೊರೀನ್, ಥೆಲ್ಮಾ ಬಿಟ್ಟಿದ್ದು. ನನ್ನ ಭಯ ಬೇರೆ. ಇಪ್ಪತ್ತು ವರ್ಷ ಹಿಂಬಾಗಿಲಲ್ಲಿ ಹೊಗೆ ಬಿಡುತ್ತಲೇ ಮಾತಾಡಿದವರು, ಸಿಗರೇಟಿಲ್ಲದೆ ಆ ಚಳಿಗೆ ಯಾಕೆ ಬರುತ್ತಾರೆ?

ಮಧ್ಯಾಹ್ನ ಮೂರರ ಬಿಡುವಿಗೆ ಹಿಂಬಾಗಿಲಿಗೆ ಹೋದೆ. ಯಾರೂ ಇರಲಿಲ್ಲ. ಅಡಗಿಸಿಟ್ಟಿದ್ದ ಒಂದನ್ನು ತುಟಿಗಿಟ್ಟೆ.

“ಏ ಕಳ್ಳಿ, ಎಸಿ ಅದನ್ನ!” ಅಂತ ಡೊರೀನ್ ಕೂಗಿದಳು. ಹಿಂದೆಯೇ ಥೆಲ್ಮಾ, ಕೈಯಲ್ಲಿ ಕ್ಯಾರೆಟ್ ಚೀಲ. “ತಗೊಳ್ರೇ, ಮೊಲದ ಥರ ಅಗೀರಿ. ಬಾಯಿ ಖಾಲಿ ಬಿಟ್ರೆ ಈ ಡೊರೀನ್ ನನ್ನೇ ತಿಂದಾಳು.”

ಸಿಗರೇಟನ್ನು ಹಿಮದಲ್ಲಿ ತುಳಿದೆ. ಹತ್ತು ನಿಮಿಷ ನಕ್ಕು ನಕ್ಕು ಕೆಮ್ಮಿದೆವು. ಬಂದರಲ್ಲ, ಅಷ್ಟು ಸಾಕು. ಜೀವ ಹಗುರಾಯಿತು.

ನಾಳೆ ಕ್ಯಾರೆಟ್ ತರೋ ಸರದಿ ನನ್ನದು. ಥೆಲ್ಮಾಳದು ಕಟ್ಟಿಸಿದ ಹಲ್ಲು, ಇವತ್ತು ಹೇಗೋ ಅಗಿದಳು. ನನ್ನ ಕ್ಯಾರೆಟ್ಟಿಗೇ ಮುರಿದರೆ? ಸ್ವಲ್ಪ ಬೇಯಿಸಿಯೇ ಒಯ್ದರೆ…