ತಲೆಯಾಡಿಸಿ ಕೊಟ್ಟ ತಾಳ

ಚಿಕ್ಕಪ್ಪನಿಗೆ ನಮಸ್ಕಾರ.

ನಿನ್ನೆ ಸಂಗೀತ ಕಛೇರಿಗೆ ಅರ್ಧ ಗಂಟೆ ಇರುವಾಗ ನಮ್ಮ ಪಿಯಾನೋ ವಾದಕರು ಬಾಗಿಲಿಗೆ ಬೆರಳು ಸಿಕ್ಕಿಸಿಕೊಂಡರು. ಕೋಲು ಹಿಡಿದು ವಾದ್ಯವೃಂದ ನಡೆಸಬೇಕಿದ್ದ ನಾನೇ ಪಿಯಾನೋ ಮುಂದೆಯೂ ಕುಳಿತೆ. ಎರಡು ಕೈಗೂ ಬಿಡುವಿಲ್ಲ. ತಾಳವನ್ನೆಲ್ಲ ತಲೆಯಾಡಿಸಿಯೇ ಕೊಟ್ಟೆ. ಹುಬ್ಬು ಹಾರಿಸಿದರೆ ಪಿಟೀಲು, ಗದ್ದ ಎತ್ತಿದರೆ ಕಹಳೆ! ನಲವತ್ತು ಜನರಲ್ಲಿ ಒಬ್ಬರೂ ತಪ್ಪಲಿಲ್ಲ. ಇಷ್ಟು ದಿನ ನನ್ನನ್ನು 'ಪುಟಾಣಿ' ಎಂದು ಕಿಚಾಯಿಸುತ್ತಿದ್ದ ನಗಾರಿ ಬಾರಿಸುವ ಹಿರಿಯರು ಆಮೇಲೆ ಹತ್ತಿರ ಬಂದು, "ಮೇಡಂ, ನೀವು ಕೋಲು ಹಿಡಿದಾಗ ನಾವ್ಯಾರೂ ನಿಮ್ಮನ್ನ ಇಷ್ಟು ನೋಡ್ತಾನೇ ಇರ್ಲಿಲ್ಲ" ಎಂದು ನಕ್ಕರು.

ವಾದಕರ ಬೆರಳು ವಾಸಿಯಾಗುವವರೆಗೆ ಎರಡೂ ಕೆಲಸ ನನ್ನದೇ. ಕತ್ತು ಹಿಡಿದುಕೊಂಡಿದೆ, ಶಾಖ ಕೊಡುತ್ತಿದ್ದೇನೆ. ಅಮ್ಮನಿಗೆ ಕತ್ತಿನ ವಿಷಯ ಬೇಡ, ಚಪ್ಪಾಳೆಯ ವಿಷಯ ಮಾತ್ರ ಹೇಳಿ. ಕಾರ್ಡಿನಲ್ಲಿ ಜಾಗ ಮುಗಿಯಿತು.

ನಿಮ್ಮ ಅಣ್ಣನ ಮಗಳು